ಬೇಗ ಬಂದ ಹಸಿರು ಗುರುತು

ಬೆಳಿಗ್ಗೆ ಎಂಟು ಗಂಟೆ ಹದಿನೈದು ನಿಮಿಷಕ್ಕೆ ಕೃತಿಕಾ ಹರಿಹರದ ಒಂದು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ನಿಂತು ಬ್ಯೂರೆಟ್ಟಿನ ಅಳತೆಗೊಳವೆ ತೊಳೆಯುತ್ತಿದ್ದಳು. ಕಿಟಕಿಯ ಕಟ್ಟೆಗೆ ಒರಗಿಸಿಟ್ಟ ಫೋನು ಗಂಟೆ ಬಾರಿಸತೊಡಗಿತು. ಅದು ನಿಲ್ಲುವ ಮೊದಲೇ ಪರದೆಯ ಮೇಲೆ ‘ತಿಂಡಿ’ ಎಂಬ ಪದದ ಎದುರು ಹಸಿರು ಗುರುತು ಬಿತ್ತು. ದಾವಣಗೆರೆಯ ನಿಟ್ಟುವಳ್ಳಿಯ ಮನೆಯಲ್ಲಿ ಅತ್ತೆ ಸರ್ವಮಂಗಳಮ್ಮ ತಿಂಡಿ ತಿಂದಾಯಿತೆಂದು ಗುಂಡಿ ಒತ್ತಿದ್ದರು ಎಂದು ಅದರ ಅರ್ಥ. ದಿನವೂ ಆ ಹಸಿರನ್ನು ಕಂಡ ಮೇಲೆ ಕೃತಿಕಾಳ ಹೆಗಲು ಸಡಿಲಾಗುತ್ತಿತ್ತು. ಅಂದು ಸಡಿಲಾಗಲಿಲ್ಲ. ಗುರುತು ತೀರ ಬೇಗ ಬಂದಿತ್ತು.

ಗಂಟೆಯೂ ಗುರುತೂ ಅವಳದೇ ಕೆಲಸ. ಆ ಆ್ಯಪ್ ಅನ್ನು ಅವಳೇ ಮಾಡಿದ್ದಳು, ‘ಸಾಲು’ ಎಂದು ಹೆಸರಿಟ್ಟಿದ್ದಳು.

ಅವಳು ಓದಿದ್ದು ರಸಾಯನಶಾಸ್ತ್ರ, ಬಿ.ಎಸ್ಸಿ. ಊರು ಹರಿಹರದ ದಾರಿಯಲ್ಲಿರುವ ಬಾತಿ. ಕೊಟ್ಟದ್ದು ನಿಟ್ಟುವಳ್ಳಿಗೆ. ಗಂಡ ಬಸವಪ್ರಭು ಮೆಕ್ಕೆಜೋಳದ ವ್ಯಾಪಾರಿ, ಬೆಳಗಾಗುವುದರೊಳಗೆ ಮನೆ ಬಿಡುತ್ತಿದ್ದ. ಕೃತಿಕಾಳಿಗೆ ಚಿಕ್ಕಂದಿನಿಂದಲೂ ಒಂದು ಕಾಟವಿತ್ತು: ಮಾಡಿದ ಕೆಲಸ ಮಾಡಿದ್ದೇನೆಂದು ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು ಮತ್ತೆ ಹೋಗಿ ಜಗ್ಗಿ ನೋಡುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಹರಿಹರದ ಬಸ್ಸಿನಲ್ಲಿ ಕೂತವಳು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಬಾತಿಯಲ್ಲಿ ಇಳಿದು, ತವರಿನ ಕಡೆ ತಿರುಗಿಯೂ ನೋಡದೆ, ಆಟೊ ಹಿಡಿದು ವಾಪಸು ಬಂದಿದ್ದಳು. ಒಲೆ ಆರಿಯೇ ಇತ್ತು.

“ನಮ್ಮನೆ ಒಲೆಗೆ ನಿನ್ನಷ್ಟು ನೆಂಟಸ್ತನ ಯಾರೂ ಮಾಡಿಲ್ಲ ಬಿಡು,” ಎಂದು ಬಸವಪ್ರಭು ನಕ್ಕಿದ್ದ.

ಸಾಲು ಹುಟ್ಟಿದ್ದು ಆ ಒಲೆಯಿಂದ. ಮೊದಲು ಅದರಲ್ಲಿ ಇದ್ದದ್ದು ಒಂದೇ ಕೆಲಸ: ‘ಗ್ಯಾಸ್ ಆಫ್’. ಒಲೆಯ ಮುಂದೆ ನಿಂತೇ ಒತ್ತಬೇಕು ಎಂಬುದು ಅವಳು ತನಗೆ ಹಾಕಿಕೊಂಡ ನಿಯಮ. ಬಸ್ಸಿನಲ್ಲಿ ಅನುಮಾನ ಬಂದರೆ ಫೋನು ತೆರೆದು ಹಸಿರನ್ನು ನೋಡುವುದು. ಅಷ್ಟು ಸಾಕಾಯಿತು. ಪ್ರೋಗ್ರಾಮಿಂಗ್ ಅವಳಿಗೆ ಬರುತ್ತಿರಲಿಲ್ಲ. ಹೋಗುವ ಬರುವ ಬಸ್ಸಿನಲ್ಲಿ ವಿಡಿಯೊ ನೋಡಿ ಕಲಿತಳು, ಭಾನುವಾರ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು ಬರೆದಳು. ಕೆಟ್ಟಲ್ಲಿ ಯಾಕೆ ಕೆಟ್ಟಿತೆಂದು ಪ್ರಯೋಗಾಲಯದ ರೂಢಿಯಂತೆ ಒಂದೊಂದೇ ಬದಲಾಯಿಸಿ ನೋಡಿದಳು. ಬರಬರುತ್ತಾ ನಲ್ಲಿ ನೀರು ಬಿಡುವ ದಿನ, ಹಾಲಿನವನ ರಜೆ, ಕರೆಂಟ್ ಬಿಲ್ಲು, ಗಂಡನ ಲಾರಿಯ ವಿಮೆ ಎಲ್ಲ ಸಾಲಿಗೆ ಬಂದು ಕೂತವು.

ಒಂದು ದಿನ ಸರ್ವಮಂಗಳಮ್ಮನೇ ಕೇಳಿದರು. “ಹಾಲಿನೋನ ಹೆಸ್ರು ಐತೆ, ಲಾರಿ ಹೆಸ್ರು ಐತೆ. ನನ್ನ ಹೆಸ್ರು ಯಾಕ ಇಲ್ಲ ಅದ್ರಾಗೆ?”

“ನೀವು ಯಾವ್ದು ಮರೀತೀರಿ ಅತ್ತೆ, ನಿಮ್ಮನ್ನ ಹಾಕಾಕೆ?”

“ಮರೀದಿದ್ರೇನು, ಮನೆಯಾಗೆ ಇದ್ದೀನೋ ಇಲ್ವೋ?”

ಅವರ ಹೆಸರು ಸೇರಿದ್ದು ಸಕ್ಕರೆ ಕಾಯಿಲೆಗೆ ವೈದ್ಯರು ಇನ್ಸುಲಿನ್ ಶುರುಮಾಡಿದ ವಾರ. ತಿಂಡಿಗೆ ಅರ್ಧ ಗಂಟೆ ಮುಂಚೆ ಸೂಜಿ, ಆಮೇಲೆ ತಿಂಡಿ ತಪ್ಪಲೇಬಾರದು ಎಂದು ವೈದ್ಯರು ಎರಡು ಸಲ ಹೇಳಿದ್ದರು. ಔಷಧಿ ಒಳಗೆ ಹೋದ ಮೇಲೆ ಅದು ಕಾಯುವುದಿಲ್ಲ. ಹೊಟ್ಟೆಗೆ ಏನೂ ಬೀಳದಿದ್ದರೆ ರಕ್ತದಲ್ಲಿರುವ ಸಕ್ಕರೆಯನ್ನೇ ಇಳಿಸುತ್ತಾ ಹೋಗುತ್ತದೆ, ಮನುಷ್ಯ ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಕೃತಿಕಾ ಇದನ್ನು ಅತ್ತೆಗೆ ವಿವರಿಸಿದಳು. ಪೆನ್ನಿನಂಥ ಸೂಜಿಯನ್ನು ಹೊಟ್ಟೆಗೆ ಚುಚ್ಚಿಕೊಳ್ಳುವುದನ್ನು ಅವರು ಎರಡೇ ದಿನದಲ್ಲಿ ಕಲಿತರು. ಆದರೆ ಆ ಹೊತ್ತಿಗೆ ಕೃತಿಕಾ ಹರಿಹರದ ಬಸ್ಸಿನಲ್ಲಿರುತ್ತಿದ್ದಳು. ಹಾಗಾಗಿ ಏಳೂ ಮುಕ್ಕಾಲಿಗೆ ಸೂಜಿಯ ಗಂಟೆ, ಎಂಟೂಕಾಲಿಗೆ ತಿಂಡಿಯ ಗಂಟೆ. ‘ಆಯ್ತು’ ಎಂಬ ಗುಂಡಿ ಒತ್ತುವವರೆಗೂ ಅತ್ತೆಯ ಫೋನಿನಲ್ಲಿ ಗಂಟೆ ನಿಲ್ಲದಂತೆ ಮಾಡಿದಳು. ಒತ್ತಿದ ಕೂಡಲೇ ಹರಿಹರದಲ್ಲಿ ಹಸಿರು ಕಾಣುತ್ತಿತ್ತು.

ಪೂಜೆಯನ್ನು ಅವಳು ಸಾಲಿನಲ್ಲಿ ಸೇರಿಸಲಿಲ್ಲ. ಸರ್ವಮಂಗಳಮ್ಮ ಇಷ್ಟಲಿಂಗ ಪೂಜೆಯಾಗದೆ ಹನಿ ನೀರೂ ಮುಟ್ಟುವವರಲ್ಲ. ನಸುಕಿನಲ್ಲೇ ಸ್ನಾನ ಮುಗಿಸಿ, ಸೊಸೆ ಮನೆ ಬಿಡುವ ಹೊತ್ತಿಗೆ ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಕಟ್ಟಿಕೊಂಡಿರುತ್ತಿದ್ದರು. ಅದನ್ನು ಯಾರೂ ಅವರಿಗೆ ನೆನಪಿಸಬೇಕಿರಲಿಲ್ಲ. ನೆನಪಿಸಬೇಕಿಲ್ಲದ್ದನ್ನು ಆ್ಯಪ್‌ಗೆ ಯಾಕೆ ಹಾಕಬೇಕು?

ಹಸಿರು ಬೇಗ ಬಂದದ್ದು ಅಂದು ಅವಳನ್ನು ಚುಚ್ಚಿದ್ದಕ್ಕೆ ಕಾರಣವಿತ್ತು. ಸರ್ವಮಂಗಳಮ್ಮ ಎಂಜಲು ಕೈಯಲ್ಲಿ ಫೋನು ಮುಟ್ಟುತ್ತಿರಲಿಲ್ಲ. ಎಡಗೈಯಲ್ಲೂ ಮುಟ್ಟುತ್ತಿರಲಿಲ್ಲ, ಉಣ್ಣುವಾಗ ಮೈಯೆಲ್ಲ ಎಂಜಲೇ ಎಂಬುದು ಅವರ ಲೆಕ್ಕ. ಹಾಗಾಗಿ ತಿಂಡಿಯ ಗಂಟೆ ಹೊಡೆದುಕೊಳ್ಳುತ್ತಲೇ ಇರುತ್ತಿತ್ತು. ಅವರು ಕೊನೆಯ ತುತ್ತು ನುಂಗಿ, ತಟ್ಟೆ ಎತ್ತಿ, ಕೈ ಬಾಯಿ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಒತ್ತುತ್ತಿದ್ದರು. ಗಂಟೆ ಶುರುವಾದ ಕೂಡಲೇ ಒತ್ತಿದ್ದಾರೆಂದರೆ ಅವರ ಕೈ ಶುದ್ಧವಾಗಿಯೇ ಇತ್ತು. ಅಂದರೆ ಅವರು ತಟ್ಟೆಯ ಮುಂದೆ ಕೂತಿರಲಿಲ್ಲ.

ಅಥವಾ ಮೊದಲೇ ತಿಂದು ಮುಗಿಸಿರಬಹುದು. ಅದೂ ಸಾಧ್ಯ. ಕೃತಿಕಾ ಬ್ಯೂರೆಟ್ಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಯೋಚಿಸಿದಳು. ಇದು ಒಲೆಯ ಅನುಮಾನದಂಥದ್ದೇ ಆಗಿದ್ದರೆ? ಬೆಂಚಿನ ಮೇಲೆ ನದಿಯ ನೀರು, ಬೋರಿನ ನೀರು ಸಾಲಾಗಿ ಕಾಯುತ್ತಿದ್ದವು. ಅವಳು ಮನೆಗೆ ಫೋನು ಮಾಡಿದಳು. ಪೂರ್ತಿ ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು. ಯಾರೂ ಎತ್ತಲಿಲ್ಲ.

ಬಸವಪ್ರಭುವಿಗೆ ಮಾಡಿದಳು. ಅವನ ಹಿಂದೆ ಲಾರಿಯ ಸದ್ದು. “ತಿಂದು ಹಿತ್ಲಾಗೆ ಬಟ್ಟೆ ಹಾಕ್ತಿರ್ತಾಳ ಕಣೆ. ನೀ ಏನು, ಒಲೆ ಬಿಟ್ಟು ಈಗ ನಮ್ಮವ್ವನ ಹಿಂದೆ ಬಿದ್ಯಾ?”

“ಎರಡು ಸಲ ಮಾಡ್ದೆ. ಎತ್ತಲಿಲ್ಲ ರೀ.”

“ನಾನು ರಾಣೆಬೆನ್ನೂರು ದಾಟೀನಿ. ನಾನೇನು ಹಾರ್ಕಂಡು ಬರ್ಲಾ?” ಎಂದವನು ದನಿ ತಗ್ಗಿಸಿ, “ಮಾಸೂಮಾಗೆ ಮಾಡು,” ಎಂದ.

ಮಾಸೂಮಾ ಅವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ ದರ್ಜಿ. ಅವಳ ಹೊಲಿಗೆ ಯಂತ್ರದ ಸದ್ದು ಫೋನಿನಲ್ಲಿ ಕೇಳಿಸಿತು.

“ಏನಕ್ಕಾ, ಬ್ಲೌಸ್ ನಾಳೆ ಅಂದಿದ್ನಲ್ಲ?”

“ಬ್ಲೌಸ್ ಅಲ್ಲವ್ವ. ಅತ್ತೆ ತಿಂಡಿ ತಿಂದ್ರಾ? ನೋಡಿದ್ಯಾ?”

“ಎಲ್ಲಿ ತಿಂಡಿ? ನೀವು ಹೋದ್ಮ್ಯಾಲೂ ಕರೆಂಟಿರ್ಲಿಲ್ಲ. ಟ್ಯಾಂಕ್ ಖಾಲಿ ಐತೆ ಅಂತ ಅಜ್ಜಿ ಬೈಕಂತ ಓಡಾಡ್ತಿದ್ರು, ಜಳ್ಕ ಆಗಿಲ್ಲ ಅಂತ. ಎಂಟಕ್ಕೆ ಕರೆಂಟ್ ಬಂತು, ಮೋಟ್ರು ಹಾಕಿ ಜಳ್ಕಕ್ಕೆ ಹೋದ್ರು. ನಾನೂ ಆಗ್ಲೇ ಮಿಷನ್ ಹಾಕ್ದೆ.”

ಅಂದು ಕೃತಿಕಾ ಬೇಗ ಹೊರಟಿದ್ದಳು, ಕರೆಂಟ್ ಹೋದದ್ದನ್ನು ನೋಡಿದ್ದರೂ ಮುಂದಕ್ಕೆ ಯೋಚಿಸಿರಲಿಲ್ಲ. ಈಗ ಒಂದರ ಹಿಂದೆ ಒಂದು ಬಂದು ನಿಂತವು. ಕರೆಂಟಿಲ್ಲ, ಆದ್ದರಿಂದ ನೀರಿಲ್ಲ. ನೀರಿಲ್ಲ, ಆದ್ದರಿಂದ ಸ್ನಾನವಿಲ್ಲ. ಸ್ನಾನವಿಲ್ಲ, ಆದ್ದರಿಂದ ಪೂಜೆಯಿಲ್ಲ. ಪೂಜೆಯಿಲ್ಲದೆ ತಿಂಡಿಯಿಲ್ಲ. ಸೂಜಿ ಮಾತ್ರ ಇವು ಯಾವುದನ್ನೂ ಕಾದಿರಲಿಲ್ಲ. ಏಳೂ ಮುಕ್ಕಾಲಿಗೆ ಗಂಟೆ ಬಾರಿಸಿತ್ತು, ಹೇಳಿದ ಮಾತು ಮೀರದ ಸರ್ವಮಂಗಳಮ್ಮ ಚುಚ್ಚಿಕೊಂಡು ಒತ್ತಿದ್ದರು. ಸೂಜಿಯ ಹಸಿರು ಆಗಲೇ ಬಂದಿತ್ತು, ಅವಳು ಅದನ್ನು ಬಸ್ಸಿನಲ್ಲಿ ನೋಡಿ ಸಮಾಧಾನಪಟ್ಟಿದ್ದಳು.

“ಮಾಸೂಮಾ, ಮಿಷನ್ ಬಿಡು. ಮನೆ ಒಳಗೆ ಹೋಗು. ಈಗ್ಲೇ. ಫೋನ್ ಇಡಬ್ಯಾಡ.”

ಪ್ರಯೋಗಾಲಯದ ಮುಖ್ಯಸ್ಥ ಹಾಲಸ್ವಾಮಿ ಆಗಷ್ಟೇ ಒಳಬಂದು ಚಹಾದ ಲೋಟ ಹಿಡಿದು ನಿಂತಿದ್ದರು. “ಏನ್ರೀ ಮೇಡಮ್, ಗ್ಯಾಸಾ ಇವತ್ತು?” ಎಂದು ಕೇಳಿ, ಅವಳ ಮುಖ ನೋಡಿ ಲೋಟ ಕೆಳಗಿಟ್ಟರು. “ಬರ್ರಿ. ಕಾರ್ ಐತೆ.”

ಕಾರಿನ ಹಿಂದಿನ ಸೀಟಿನಲ್ಲಿ ಮಾದರಿ ನೀರಿನ ಖಾಲಿ ಕ್ಯಾನುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಕೃತಿಕಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಸ್ಪೀಕರಿಗೆ ಹಾಕಿಕೊಂಡಳು. ಹಿತ್ತಿಲ ಬಾಗಿಲು ಕಿರುಗುಟ್ಟಿದ್ದು, ಮಾಸೂಮಾಳ ಚಪ್ಪಲಿ ಕಳಚಿದ್ದು, “ಅಜ್ಜೀ” ಎಂದು ಕೂಗಿದ್ದು ಕೇಳಿಸಿತು.

“ಮಾಸೂಮಾ?”

“ದೇವ್ರ ಕ್ವಾಣಿಯಾಗೆ ಕುಂತಾರಕ್ಕಾ.” ಅವಳ ದನಿ ಪಿಸುಗುಟ್ಟುವಷ್ಟಾಗಿತ್ತು. “ಪೂಜಿ ಮಾಡ್ತಾರ. ನಾನು ಬಾಗ್ಲಾಗೆ ನಿಂತೀನಿ.”

“ಹೆಂಗೆ ಕುಂತಾರ? ಬೆವ್ರು ಐತಾ?”

“ಕುಪ್ಪಸ ಎಲ್ಲ ತೊಯ್ದೈತೆ. ತಲೆ ಹಿಂಗೆ ಹಿಂಗೆ ಆಡ್ತೈತೆ. ಕರದ್ರೆ ತಿರುಗವಲ್ರು.”

“ಒಳಗೆ ಹೋಗು.”

“ನಾನಾ? ಪೂಜಿ ನಡುವೆ?”

ಎರಡು ವರ್ಷದಿಂದ ಆ ಮನೆಯಲ್ಲಿ ಓಡಾಡಿದವಳು ಮಾಸೂಮಾ. ಅಡುಗೆಮನೆಗೆ ಕೇಳದೆಯೇ ನುಗ್ಗುತ್ತಿದ್ದಳು. ದೇವರ ಕೋಣೆಯ ಹೊಸ್ತಿಲನ್ನು ಮಾತ್ರ ಅವಳು ದಾಟಿರಲಿಲ್ಲ, ದಾಟೆಂದು ಯಾರೂ ಹೇಳಿರಲಿಲ್ಲ.

“ನೀನೇ. ಮೊದ್ಲು ಲೋಟದಾಗೆ ಮೂರು ಚಮಚ ಸಕ್ರಿ, ಸ್ವಲ್ಪ ನೀರು, ಕಲಸಿಕೊಂಡು ಹೋಗು. ಅವರ ಕಣ್ಣು ತೆರದಾವಾ? ಮಾತಾಡ್ತಾರಾ ನೋಡು. ನುಂಗಿದ್ರೆ ಮಾತ್ರ ಕುಡಿಸ್ಬೇಕು, ಬಲವಂತ ಹಾಕಬ್ಯಾಡ.”

ಡಬ್ಬಿಯ ಮುಚ್ಚಳ ಬಿದ್ದ ಸದ್ದು. ಚಮಚ ಲೋಟಕ್ಕೆ ತಾಗುವ ಸದ್ದು. ಕಾರು ಹೆದ್ದಾರಿಗೆ ಬಂದಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ಇಡೀ ರಸ್ತೆಯನ್ನು ತುಂಬಿಕೊಂಡು ಹೋಗುತ್ತಿತ್ತು. ಹಾಲಸ್ವಾಮಿ ಹಾರ್ನಿನ ಮೇಲೆ ಕೈಯಿಟ್ಟವರು ತೆಗೆಯಲೇ ಇಲ್ಲ.

“ಅಜ್ಜಿ, ಇದು ಕುಡೀರಿ,” ಎಂಬ ಮಾಸೂಮಾಳ ದನಿ. ಅದರ ಹಿಂದೆ ಸರ್ವಮಂಗಳಮ್ಮನ ದನಿ, ನಾಲಿಗೆ ದಪ್ಪವಾದಂತೆ. “ಮುಗಿಲಿಲ್ಲ. ಇನ್ನ... ಮುಗಿಲಿಲ್ಲ.”

“ಬಾಯಿ ಬಿಡವಲ್ರು ಅಕ್ಕಾ! ಹಲ್ಲು ಕಚ್ಚಿ ಹಿಡ್ದಾರ. ಪೂಜಿ ಮುಗಿಲಿಲ್ಲ ಅಂತಾರ. ಎಡಗೈಯಾಗೆ ಲಿಂಗ ಐತೆ, ಕೈ ನಡುಗ್ತೈತೆ, ಬೀಳ್ತೈತೆ ಅದು...”

ಬಾತಿಯ ಗುಡ್ಡ ಎಡಕ್ಕೆ ಬಂತು, ಹಿಂದೆ ಸರಿಯಿತು. ಸಕ್ಕರೆ ಎಷ್ಟು, ನೀರು ಎಷ್ಟು, ಎಷ್ಟು ಹೊತ್ತಿಗೆ ಮತ್ತೆ ರಕ್ತ ನೋಡಬೇಕು, ಎಲ್ಲ ಕೃತಿಕಾಳಿಗೆ ಗೊತ್ತಿತ್ತು. ಪೂಜೆಯ ನಡುವೆ ಬಾಯಿ ತೆರೆಯದವರಿಗೆ ಬಾಯಿ ತೆರೆಸುವುದು ಹೇಗೆಂದು ಗೊತ್ತಿರಲಿಲ್ಲ. “ಅತ್ತೇ, ನಾನು ಕೃತಿಕಾ, ಕುಡೀರಿ ಅತ್ತೆ,” ಎಂದು ಫೋನಿಗೆ ಕೂಗಿದಳು.

ಏನೋ ಸರಿದ ಸದ್ದಾಯಿತು. ಆಮೇಲೆ, ಮಗುವಿಗೆ ಹೇಳುವ ಹಾಗೆ, ಮಾಸೂಮಾ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: “ಅಜ್ಜಿ, ಇಲ್ಲಿ ನೋಡ್ರಿ. ಲಿಂಗಪ್ಪನ ಮುಂದೆ ಹಿಡ್ದೀನಿ. ಹಿಡ್ದೆ. ನೈವೇದ್ಯ ಆತು. ಇನ್ನ ಪ್ರಸಾದ, ಬ್ಯಾಡ ಅನಬಾರ್ದು.”

ಎಷ್ಟೋ ಬೆಳಿಗ್ಗೆ ಹಾಲಿನವನಿಂದ ಹಾಲು ತಂದುಕೊಡಲು ಬಂದು ಹೊಸ್ತಿಲಾಚೆ ಕಾದಿದ್ದವಳು ಯಾವುದರ ಹಿಂದೆ ಯಾವುದು ಬರುತ್ತದೆಂದು ನೋಡಿಕೊಂಡಿದ್ದಳು.

“ಕುಡದ್ರು,” ಎಂದಳು ಮಾಸೂಮಾ. ಸ್ವಲ್ಪ ಹೊತ್ತಿನ ಮೇಲೆ, “ಮತ್ತೆ ಕುಡದ್ರು. ನುಂಗ್ತಾರ.” ಹಾಲಸ್ವಾಮಿ ಹಾರ್ನಿನಿಂದ ಕೈ ತೆಗೆದರು.

ಕೃತಿಕಾ ಮನೆಯೊಳಗೆ ಓಡಿ ಬಂದಾಗ ಇಬ್ಬರೂ ದೇವರ ಕೋಣೆಯಲ್ಲೇ ಇದ್ದರು. ಸರ್ವಮಂಗಳಮ್ಮ ಗೋಡೆಗೆ ಒರಗಿದ್ದರು. ಅವರ ಎಡ ಅಂಗೈಯಲ್ಲಿ ಲಿಂಗವಿತ್ತು. ಆ ಕೈಯ ಕೆಳಗೆ ಮಾಸೂಮಾ ತನ್ನ ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಹಿಡಿದು ಕೂತಿದ್ದಳು, ಲಿಂಗವನ್ನು ಮುಟ್ಟದ ಹಾಗೆ, ಬಿದ್ದರೆ ನೆಲ ಮುಟ್ಟದ ಹಾಗೆ. “ಬೇಗ ತಗೋಳಕ್ಕಾ, ನನ್ನ ಕೈ ಜೋಮು ಹಿಡಿದೈತೆ,” ಎಂದಳು.

ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಇನ್ನೂ ಕಡಿಮೆಯೇ ಇತ್ತು, ಆದರೆ ಅಪಾಯ ದಾಟಿತ್ತು. ಕೃತಿಕಾ ಉಪ್ಪಿಟ್ಟು ತಂದಳು. ಸರ್ವಮಂಗಳಮ್ಮ ಲಿಂಗವನ್ನು ಕರಡಿಗೆಗೆ ಸೇರಿಸಿ, ವಿಭೂತಿ ಸರಿಮಾಡಿಕೊಂಡು, ಆಮೇಲೆಯೇ ತಟ್ಟೆ ಮುಟ್ಟಿದರು. ನಾಲ್ಕು ತುತ್ತು ಹೋದ ಮೇಲೆ ಮುಖಕ್ಕೆ ಬಣ್ಣ ಬಂತು, ದನಿಯೂ ಬಂತು.

“ಕೆಲ್ಸ ಬಿಟ್ಟು ಯಾಕ ಬಂದೆ? ಹಾಲಸ್ವಾಮಿಯೋರೂ ಬಂದಾರ. ಕೂಡ್ರಿ ಸಾಹೇಬ್ರ, ಉಪ್ಪಿಟ್ಟು ತಿನ್ರಿ.”

“ಅತ್ತೆ,” ಎಂದಳು ಕೃತಿಕಾ. “ತಿನ್ನದೆ ಯಾಕೆ ಒತ್ತಿದ್ರಿ?”

ಸರ್ವಮಂಗಳಮ್ಮ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದರು. “ಒತ್ತದಿದ್ರೆ ಅದು ಸುಮ್ಕಿರ್ತೈತಾ? ಬಾಯಿ ಬಡ್ಕಂತೈತೆ. ನೀನು ಅಲ್ಲಿ ಕಾಣವಲ್ದು ಅಂತ ಎದಿ ಬಡ್ಕಂತಿ. ಹತ್ತು ನಿಮಿಷದಾಗೆ ಪೂಜಿ ಮುಗಿಸಿ ತಿಂತೀನಲ್ಲ, ಅಷ್ಟರಾಗೆ ನಿನಗ್ಯಾಕ ಗಾಬ್ರಿ ಅಂತ ಒತ್ತಿದೆ.”

“ಆಗಿಲ್ಲದ್ದನ್ನ ಆಯ್ತು ಅಂತ...”

“ಅದ್ರಾಗೆ ‘ಆಯ್ತು’ ಅಂತ ಒಂದೇ ಐತಲ್ಲವ್ವ. ಆಗಿಲ್ಲ ಅಂದ್ರೆ ಎಲ್ಲಿ ಒತ್ಲಿ? ನೀ ಜಾಗ ಇಟ್ಟೀಯೇನು?”

ಹಾಲಸ್ವಾಮಿ ತಟ್ಟೆ ನೋಡುತ್ತಾ, “ಪಾಯಿಂಟ್ ಐತೆ ಮೇಡಮ್,” ಎಂದರು.

ಆ ಭಾನುವಾರ ಅವಳು ಸಾಲನ್ನು ಬಿಚ್ಚಿ ಕೂತಳು. ಅದಕ್ಕೂ ಮೊದಲು ವೈದ್ಯರನ್ನು ಕಂಡು ಮನೆಯ ಬೆಳಗು ಹೇಗೆ ನಡೆಯುತ್ತದೆಂದು ಹೇಳಿದಳು. ಪೂಜೆ ಮುಗಿದು, ತಿಂಡಿ ಒಲೆಯಿಂದ ಇಳಿದ ಮೇಲೆ ಸೂಜಿ, ಗಡಿಯಾರ ಏನೇ ಹೇಳಲಿ ಎಂದು ಅವರು ಒಪ್ಪಿದರು. ಅತ್ತೆಯ ಪಾಲಿನ ಕೆಲಸಗಳಿಂದ ಅವಳು ಗಡಿಯಾರವನ್ನೇ ತೆಗೆದುಹಾಕಿದಳು. ಮೊದಲ ಸಾಲಿಗೆ ಪೂಜೆ ಬಂತು. ಪೂಜೆ ಆಯಿತೆಂದು ಒತ್ತುವವರೆಗೆ ಸೂಜಿಯ ಸಾಲು ಕಾಣುವುದೇ ಇಲ್ಲ, ಒತ್ತಿದ ಮೇಲೆಯೇ ಅದರ ಗಂಟೆ. ಪ್ರತಿ ಸಾಲಿಗೂ ಎರಡನೆಯ ಗುಂಡಿ ಇಟ್ಟಳು: ‘ಇನ್ನೂ ಇಲ್ಲ’. ಅದಕ್ಕೆ ಕೆಂಪು ಬಣ್ಣ ಹಾಕಿ ನೋಡಿ, ಬೈದ ಹಾಗಿದೆ ಎನಿಸಿ, ಅರಿಶಿನದ ಬಣ್ಣ ಹಾಕಿದಳು. ಅದನ್ನು ಒತ್ತಿದರೂ ಗಂಟೆ ನಿಲ್ಲುತ್ತಿತ್ತು. ಸುದ್ದಿ ಹರಿಹರಕ್ಕೂ ಹೋಗುತ್ತಿತ್ತು, ಹಿಂದಿನ ಮನೆಯ ಮಾಸೂಮಾಳ ಫೋನಿಗೂ.

ಮೊದಲ ಕೆಲವು ದಿನ ಎಲ್ಲ ಹಸಿರೇ ಬಂತು. ಕೃತಿಕಾಳಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಎಲ್ಲ ಸರಿಯಾಗಿ ನಡೆದು ಹಸಿರಾಯಿತೋ, ಹಳದಿ ಒತ್ತಲು ಸಂಕೋಚಪಟ್ಟು ಹಸಿರಾಯಿತೋ? ಫ್ಲಾಸ್ಕಿನ ಬಣ್ಣ ತಿರುಗುವುದನ್ನು ನೋಡುತ್ತಿದ್ದ ಕಣ್ಣು ಕಿಟಕಿಯ ಫೋನಿಗೆ ಹೋಗಿಬರುತ್ತಿತ್ತು. ಹಸಿರು ಬಿದ್ದರೆ ಎಷ್ಟು ಹೊತ್ತಿಗೆ ಬಿತ್ತೆಂದು ನೋಡುತ್ತಿದ್ದಳು, ನೋಡಿದ್ದಕ್ಕೆ ತನ್ನ ಮೇಲೇ ಬೇಸರಪಡುತ್ತಿದ್ದಳು. ಒಂದು ಸಂಜೆ ಅವರೆಕಾಯಿ ಬಿಡಿಸುತ್ತಾ, “ಹಳದಿ ಒತ್ತಿದ್ರೆ ನಂಗೇನೂ ಬೇಜಾರಿಲ್ಲ ಅತ್ತೆ,” ಎಂದಳು.

“ಬಾಯಿ ಹಂಗಂತೈತೆ, ಮುಖ ಹಂಗನ್ನಲ್ಲ,” ಎಂದರು ಸರ್ವಮಂಗಳಮ್ಮ.

“ಮುಖ ಹಂಗೇ ಇರ್ತೈತಿ. ಒಲೆ ಆರಿದ್ರೂ ಹಂಗೇ ಇರ್ತೈತಿ. ನೀವು ಒತ್ರಿ.”

ಅವರು ಕಾಯಿ ಬಿಡಿಸುತ್ತಲೇ ಇದ್ದರು.

ಮೊದಲ ಹಳದಿ ಬಂದದ್ದು ಅದಾದ ಎರಡು ದಿನಕ್ಕೆ. ಕೃತಿಕಾ ಫೋನಿನತ್ತ ತಿರುಗಿದ್ದರಲ್ಲಿ ಬ್ಯೂರೆಟ್ಟಿನಿಂದ ಹೆಚ್ಚು ದ್ರಾವಣ ಸುರಿದು ಫ್ಲಾಸ್ಕಿನ ನೀರು ಒಮ್ಮೆಗೇ ನೀಲಿಯಾಯಿತು. ಇಡೀ ಪರೀಕ್ಷೆ ಹಾಳು. ಅವಳು ಫೋನು ಹಚ್ಚಿದಳು. ಮೊದಲ ರಿಂಗಿಗೇ ಎತ್ತಿದರು.

“ಇನ್ನೂ ಇಲ್ಲ ಅಂತ ಒತ್ತೀನಲ್ಲ, ಮತ್ಯಾಕ ಫೋನು? ಆನಗೋಡಿಂದ ಮಂದಿ ಬಂದಾರ. ಅವ್ರಿಗೆ ಕೊಟ್ಟು ಆಮೇಲೆ ನಂದು. ಸೂಜಿ ಡಬ್ಬಿ ತೆಗದೇ ಇಲ್ಲ. ಇಡು.”

ಅವಳು ಫ್ಲಾಸ್ಕು ತೊಳೆದು ಅದೇ ಮಾದರಿಯನ್ನು ಮತ್ತೆ ಅಳೆದು ಹಾಕಿದಳು.

ಆಮೇಲೂ ಪ್ರತಿ ಹಳದಿಗೆ ಅವಳ ಎದೆ ಹೊಡೆದುಕೊಂಡಿದೆ, ಈಗಲೂ ಹೊಡೆದುಕೊಳ್ಳುತ್ತದೆ. ಆದರೆ ಹಸಿರು ಬಂದರೆ ಗಡಿಯಾರ ನೋಡುವುದನ್ನು ಅವಳು ಬಿಟ್ಟಿದ್ದಾಳೆ.

ಮೂರು ತಿಂಗಳಾದ ಮೇಲೆ ಇಬ್ಬರೂ ವೈದ್ಯರಲ್ಲಿಗೆ ಹೋದರು. ವೈದ್ಯರು ರಕ್ತದ ವರದಿ ಓದಿ, ತಲೆಯಾಡಿಸಿ, ಕನ್ನಡಕದ ಮೇಲಿಂದ ನೋಡಿದರು.

“ಆ್ಯಪ್ ಐತಲ್ಲ ನಿಮ್ದು, ಅದ್ರಾಗೆ ಎಲ್ಲ ಗೊತ್ತಾಗ್ತೈತಂತೆ. ಅಜ್ಜಿ ಎಷ್ಟು ಸಲ ತಪ್ಪಿಸ್ಯಾರ, ಹೇಳಿ.”

“ತಪ್ಪಿಸಿಲ್ಲ ಸರ್. ಇನ್ನೂ ಇಲ್ಲ ಅಂತ ಹೇಳ್ಯಾರ.”

“ಅದೇ, ಎಷ್ಟು ಸಲ?”

ಸರ್ವಮಂಗಳಮ್ಮ ಕುರ್ಚಿಯ ಅಂಚಿಗೆ ಸರಿದು, ಶಾಲೆಯಲ್ಲಿ ಹೆಸರು ಕರೆಸಿಕೊಂಡ ಹುಡುಗಿಯಂತೆ ನೆಲ ನೋಡುತ್ತಾ ಸೆರಗಿನ ತುದಿ ಹೊಸೆಯುತ್ತಿದ್ದರು. ಕೃತಿಕಾ ಫೋನು ತೆಗೆಯಲಿಲ್ಲ. ಆ ಲೆಕ್ಕ ಅವಳಿಗೆ ಬಾಯಲ್ಲೇ ಇತ್ತು. ಅತ್ತೆಯ ಕಡೆಗೆ ತಿರುಗಿ, ಅವರಿಗೂ ಕೇಳಿಸುವ ಹಾಗೆ, ಮಗಳ ಒಳ್ಳೆಯ ಅಂಕ ಹೇಳುವ ತಾಯಿಯ ದನಿಯಲ್ಲಿ ಹೇಳಿದಳು:

“ಹತ್ತೊಂಬತ್ತು.”